ತಮ್ಮನ ಕಡಾಯಿ, ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡಲಿಕ್ಕೂ ಒಂದು ಅಂತಸ್ತು ಇರಬೇಕು ಎಂದು ನಾನು ಬಹಳ ದಿನ ತಿಳಿದಿದ್ದೆ. ಪಕ್ಕದ ಹೊಲದವನ ತೊಗರಿ ಚೆನ್ನಾಗಿ ಬಂತೆಂದು ಉರಿದುಕೊಳ್ಳುವವರಿದ್ದಾರೆ, ಷಡ್ಡಕ ಕಾರು ತಂದನೆಂದು ಊಟ ಬಿಟ್ಟವರಿದ್ದಾರೆ. ಅವರಿಗೆ ಹೇಳಿಕೊಳ್ಳಲಿಕ್ಕಾದರೂ ಒಂದು ಮುಖವಿರುತ್ತದೆ. ನನಗೆ ಬಂದ ಹೊಟ್ಟೆಕಿಚ್ಚು ಢಬ್ಬು ಮೆಣಸಿನಕಾಯಿ ಹಾಕಿ ಹುರಿದ ಒಂದು ತಾಟು ಮಾಂಸದ ಮೇಲೆ. ಅದೂ ಒಡಹುಟ್ಟಿದ ತಮ್ಮ ಮಾಡಿದ್ದರ ಮೇಲೆ. ಅದೂ ಕಾಯಿಲೆಯಿಂದ ಎದ್ದ ತಾಯಿ ತಿಂದದ್ದರ ಮೇಲೆ. ಇದನ್ನು ಯಾರ ಮುಂದೆ ಹೇಳಲಿ? ಮಸೀದಿಯ ಕಟ್ಟೆಯ ಮೇಲೆ ಕೂತವರಿಗೆ ಹೇಳಿದರೆ ಸಂಜೆಯೊಳಗೆ ಪಕ್ಕದೂರು ವಾಡಿಯವರೆಗೆ ಮುಟ್ಟುತ್ತದೆ. ಹೆಂಡತಿಗೆ ಹೇಳುವ ಅಗತ್ಯವಿಲ್ಲ, ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಹಾಗಾಗಿ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ವಾಕ್ಯ ಎಲ್ಲಾದರೂ ಡೊಂಕಾಗಿ ಕಂಡರೆ, ಬರೆದವನ ಮನಸ್ಸಿನ ಡೊಂಕು ಅದಕ್ಕಿಂತ ದೊಡ್ಡದು ಎಂದು ತಿಳಿದು ಮುಂದೆ ಓದಿ.

ನಮ್ಮದು ಶಹಾಬಾದ. ಅಜ್ಜನ ಕಾಲದವರೆಗೆ ಹತ್ತಿ ಹಿಂಜಿ ಗಾದಿ ತುಂಬಿದ ಮುಸಲ್ಮಾನ ಮನೆತನ, ಮನೆಮಾತು ಕನ್ನಡ. ಗಾದಿ ಅಂಗಡಿಗಳು ಬಂದ ಮೇಲೆ ಅಪ್ಪ ಕಲ್ಲಿನ ಗಣಿಗೆ ಹೋದ, ಅವನ ಹಿಂದೆ ನಾನು ಹೋದೆ. ಫರಸಿ ಕಲ್ಲು ಎಬ್ಬಿಸುವುದು ನನ್ನ ಕೆಲಸ. ನಮ್ಮ ಕಡೆಯ ಕಲ್ಲು ನೆಲದೊಳಗೆ ರೊಟ್ಟಿಯ ಮೇಲೆ ರೊಟ್ಟಿ ಇಟ್ಟ ಹಾಗೆ ಪದರು ಪದರಾಗಿ ಮಲಗಿರುತ್ತದೆ. ಪದರಿನ ಗೆರೆ ಹುಡುಕಿ, ಅದಕ್ಕೆ ಉಳಿ ಹಚ್ಚಿ, ಅದರ ಗುಂಟ ಮೆಲ್ಲಗೆ ಬಡಿಯುತ್ತಾ ಹೋದರೆ ಇಡೀ ಹಾಸುಗಲ್ಲು ಮುನಿಸು ಬಿಟ್ಟ ಅಳಿಯನಂತೆ ತಾನೇ ಎದ್ದು ಬರುತ್ತದೆ. ಅಡ್ಡ ಹೊಡೆದವನ ಪಾಲಿಗೆ ಬರೀ ಚೂರು. ಈ ಒಂದು ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಉಳಿದದ್ದೆಲ್ಲ ನನ್ನ ತಮ್ಮ ಮೌಲಾನಿಗೆ ಬರುತ್ತದೆ.

ಮೌಲಾ ನನಗಿಂತ ಚಿಕ್ಕವನು, ನನಗಿಂತ ಎತ್ತರದವನು, ನನಗಿಂತ ಹೆಚ್ಚು ಓದಿದವನು, ಅಂದರೆ ಹತ್ತನೆಯ ತರಗತಿ. ಚಿಕ್ಕಂದಿನಲ್ಲಿ ಅವ್ವ ನಮ್ಮಿಬ್ಬರನ್ನೂ ಸೇಡಂನ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದರೆ, ಚಿಕ್ಕಮ್ಮ ಅವನ ಗಲ್ಲ ಹಿಂಡಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು, ನನ್ನ ಕೈಗೆ ಕೊಡ ಕೊಟ್ಟು ನೀರಿಗೆ ಕಳಿಸುತ್ತಿದ್ದಳು. ಈಗಲೂ ಚಿತ್ತಾಪುರದ ಕಡೆ ಯಾರದಾದರೂ ಮದುವೆಗೆ ಹೋದರೆ ಜನ ನನ್ನ ಮುಖ ನೋಡಿ, "ನೀ ಮೌಲಾನ ಅಣ್ಣ ಹೌದಿಲ್ಲೋ?" ಎನ್ನುತ್ತಾರೆ. ಮೊದಲು ಹುಟ್ಟಿದವನು ನಾನು. ಅಣ್ಣನ ಹೆಸರು ಹೇಳಿ ತಮ್ಮನನ್ನು ಗುರುತಿಸುವುದು ಲೋಕದ ರೂಢಿ. ನನ್ನ ವಿಷಯಕ್ಕೆ ಬಂದಾಗ ಲೋಕ ರೂಢಿಯನ್ನೇ ಬದಲಿಸಿಕೊಂಡಿತು. ಇಷ್ಟಾದರೂ ಅವನ ಮೇಲೆ ಸಿಟ್ಟಾಗಲು ಒಂದು ಸರಿಯಾದ ಕಾರಣ ಸಿಗುವುದಿಲ್ಲ. ಸುಳ್ಳು ಹೇಳುವುದಿಲ್ಲ, ಗುಟ್ಕಾ ಮುಟ್ಟುವುದಿಲ್ಲ, ನಾನು ಬೈದರೆ ತಲೆ ಕೆಳಗೆ ಹಾಕಿ ನಗುತ್ತಾನೆ. ಒಳ್ಳೆಯ ತಮ್ಮನನ್ನು ಸಹಿಸುವ ಕಷ್ಟ ಕೆಟ್ಟ ತಮ್ಮಂದಿರಿರುವವರಿಗೆ ತಿಳಿಯಲಾರದು. ಅವರಿಗೆ ಬೈದು ಹಗುರಾಗುವ ಅನುಕೂಲವಾದರೂ ಇದೆ.

ಅವನು ವಾಡಿ ಸ್ಟೇಷನ್ನಿನ ಹೊರಗೆ ನಿಲ್ಲುವ ಒಂದು ಚೈನೀಸ್ ಬಂಡಿಯಲ್ಲಿ ಅಡುಗೆಯವನು. ಗೋಬಿ ಮಂಚೂರಿ, ನೂಡಲ್ಸ್, ಫ್ರೈಡ್ ರೈಸ್. ಕಡಾಯಿಯನ್ನು ಒಂದೇ ಕೈಯಲ್ಲಿ ಎತ್ತಿ, ಒಳಗಿನದನ್ನು ಬೆಂಕಿಯ ಮೇಲೆ ಹಾರಿಸಿ ಮತ್ತೆ ಕಡಾಯಿಯಲ್ಲೇ ಹಿಡಿಯುತ್ತಾನೆ. ಅದನ್ನು ನೋಡುತ್ತಾ ನಿಂತು ರೈಲು ತಪ್ಪಿಸಿಕೊಂಡವರಿದ್ದಾರಂತೆ. ಇದನ್ನು ಅವನೇ ಹೇಳಿದ್ದರೆ ನಂಬದೆ ಇರಬಹುದಿತ್ತು. ಹೇಳಿದವನು ರೈಲು ತಪ್ಪಿಸಿಕೊಂಡವನೇ. ನಾವಿಬ್ಬರೂ ಇರುವುದು ಅಪ್ಪ ಬಿಟ್ಟುಹೋದ ಒಂದೇ ಮನೆಯಲ್ಲಿ, ನಡುವೆ ಒಂದು ಗೋಡೆ, ಎರಡು ಒಲೆ. ಹಿರಿಯ ಮಗನೆಂದು ಅವ್ವ ಇರುವುದು ನನ್ನ ಕಡೆ. ಈ ಒಂದು ವಿಷಯದಲ್ಲಿ ನಾನು ಗೆದ್ದಿದ್ದೇನೆ ಎಂಬ ಸಮಾಧಾನ ನನಗಿತ್ತು.

ಮಳೆಗಾಲದ ಕೊನೆಗೆ ಅವ್ವನಿಗೆ ಜ್ವರ ಬಂತು. ಜ್ವರ ಇಳಿಯಿತು, ಆದರೆ ಇಳಿಯುವಾಗ ಅವಳ ಬಾಯಿರುಚಿಯನ್ನೂ ಒಯ್ದಿತು. ಗಂಜಿ ಕೊಟ್ಟರೆ ಗೋಡೆಯ ಕಡೆ ಹೊರಳುತ್ತಿದ್ದಳು. ನನ್ನ ಹೆಂಡತಿ ಜುಬೇದಾ ಪುಂಡಿಪಲ್ಯದ ಹುಳಿಸೊಪ್ಪು ಹಾಕಿ ಮಾಂಸ ಬೇಯಿಸಿದರೆ ಓಣಿಯ ಆ ತುದಿಯ ಜನ ಏನಾದರೊಂದು ನೆವ ಮಾಡಿಕೊಂಡು ಈ ತುದಿಗೆ ಬರುತ್ತಾರೆ. ಕುಕ್ಕರು ಎಷ್ಟೋ ಹೊತ್ತು ಕೂಗಿ ಕೂಗಿ ಎಲುಬು ಕೂಡ ಮೆತ್ತಗಾಗುವ ಅಡುಗೆ ಅದು. ಅದನ್ನೂ ಅವ್ವ ಒಂದು ತುತ್ತು ಬಾಯಿಗಿಟ್ಟು ತಾಟು ಸರಿಸಿದಳು. "ಮಣ್ಣು ತಿಂದಂಗ ಆಗ್ಲಾಕತ್ತದ ಬೇ, ಬಾಯಿಗಿ ಏನೂ ಹತ್ತವಲ್ದು" ಎಂದಳು. ಸ್ಟೇಷನ್ ರಸ್ತೆಯ ಡಾಕ್ಟರು ನಾಲಿಗೆ ನೋಡಿ, ರುಚಿ ತಾನಾಗಿ ಬರುತ್ತದೆ, ಆದರೆ ಅಲ್ಲಿಯವರೆಗೆ ಹೊಟ್ಟೆಗೆ ಬೀಳಬೇಕು, ಬೀಳದಿದ್ದರೆ ದವಾಖಾನೆಗೆ ಸೇರಿಸಿ ಸಲಾಯಿನ್ ಹಚ್ಚಬೇಕಾಗುತ್ತದೆ ಎಂದರು. ಅವ್ವ ಸಲಾಯಿನ್ ಎಂಬ ಮಾತಿಗೇ ಕಣ್ಣು ಮುಚ್ಚಿಕೊಂಡಳು. ಅಪ್ಪ ದವಾಖಾನೆಯಿಂದ ಹೊರಗೆ ಬಂದದ್ದು ಹೇಗೆಂದು ಅವಳಿಗೆ ನೆನಪಿದೆ.

ಹೀಗಿರುವಾಗ ಒಂದು ಶುಕ್ರವಾರ ಮೌಲಾ ಗೋಡೆಯ ಆ ಕಡೆಯಿಂದ ಒಂದು ತಾಟು ಹಿಡಿದು ಬಂದ. ಅವನ ಹೆಂಡತಿ ಹೆರಿಗೆಗೆಂದು ಚಿಂಚೋಳಿಯ ತವರಿಗೆ ಹೋಗಿದ್ದರಿಂದ ಮನೆಯಲ್ಲೂ ಅವನದೇ ಅಡುಗೆ. ನಮ್ಮಲ್ಲಿ ಸಣ್ಣದು ಎಂದರೆ ಕುರಿ, ದೊಡ್ಡದು ಎಂದರೆ ಎಮ್ಮೆ. ಸಣ್ಣದು ಹಬ್ಬಕ್ಕೆ, ದೊಡ್ಡದು ನಿತ್ಯಕ್ಕೆ. ಅವನು ದೊಡ್ಡದರ ಮೆತ್ತನೆಯ ಭಾಗವನ್ನು ಕಾಗದದಷ್ಟು ತೆಳ್ಳಗೆ ಕೊಯ್ದು, ಕಾರ್ನ್‌ಫ್ಲೋರ್ ಸವರಿ, ಹೊಗೆಯಾಡುವ ಕಡಾಯಿಗೆ ಎಸೆದು ತೆಗೆದಿದ್ದ. ಜೊತೆಗೆ ಗಜ್ಜರಿ, ಕೋಸು, ಢಬ್ಬು ಮೆಣಸಿನಕಾಯಿ, ಉಳ್ಳಾಗಡ್ಡಿಯ ತಪ್ಪಲು, ಮೇಲೆ ಸೋಯಾ ಸಾಸು, ಕರಿಮೆಣಸಿನ ಪುಡಿ. ಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲವೆಂದ. ಮಾಂಸವೆಂದರೆ ಅರ್ಧ ದಿನದ ಮಾತು ಎಂದು ನಂಬಿದ ಮನೆ ನಮ್ಮದು. ಇದೇನು ಹಸಿಬಿಸಿ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಅವ್ವ ಎದ್ದು ಕೂತಳು. ಒಂದು ತುಂಡು ಬಾಯಿಗಿಟ್ಟಳು. ಮತ್ತೊಂದು ಇಟ್ಟಳು. ಗಜ್ಜರಿ ಕುರುಕ್ ಎಂದ ಸದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ತಾಟಿನ ತಳದ ರಸವನ್ನು ರೊಟ್ಟಿಯ ಚೂರಿನಿಂದ ಒರೆಸಿ ತಿಂದು, "ಮೌಲಾ, ನಾಳಿಗೂ ಇಷ್ಟು ಮಾಡ್ತಿಯೇನಪಾ?" ಎಂದು ಕೇಳಿದಳು.

ಮಗನಾದವನು ಆಗ ಏನು ಮಾಡಬೇಕು? ದೇವರಿಗೆ ಕೈ ಎತ್ತಿ ಶುಕ್ರು ಹೇಳಬೇಕು. ನಾನು ಎದ್ದು ಹಿತ್ತಲಿಗೆ ಹೋಗಿ, ಚೆನ್ನಾಗಿಯೇ ಇದ್ದ ಸೈಕಲ್ಲಿನ ಚೈನು ಬಿಚ್ಚಿ ಮತ್ತೆ ಹಾಕಿದೆ. ಇಷ್ಟು ದಿನ ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿದವನು ನಾನು, ಗುಳಿಗೆ ತಂದವನು ನಾನು, ಕಾಲು ಒತ್ತಿದವನು ನಾನು. ನನ್ನನ್ನು "ನಾಳಿಗೂ ಕಾಲು ಒತ್ತತಿಯೇನಪಾ" ಎಂದು ಅವಳು ಒಮ್ಮೆಯಾದರೂ ಕೇಳಿದ್ದಳೇ? ಮರುದಿನವೂ ಅವನು ತಂದ, ಅವಳು ತಿಂದಳು. ಪಕ್ಕದ ಮನೆಯವಳು ಬಂದಾಗ, "ನನ್ನ ಮೌಲಾನ ಕೈಯಾಗ ಏನೋ ಅದ" ಎಂದಳು. ನನ್ನ ಕೈಯಲ್ಲಿ ಆಗ ಅವಳದೇ ಗುಳಿಗೆಯ ಚೀಟಿ ಇತ್ತು. ಜುಬೇದಾ ನನ್ನ ಮುಖ ನೋಡಿ, "ಯಾಕ್ರೀ, ನಿಮಗೂ ಜ್ವರ ಬಂದಾವೇನು? ಮುಖ ಕೆಂಪಗಾಗ್ಯದ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಅದರ ಮರುದಿನ ಅವನು ತಾಟು ಹಿಡಿದು ಬರುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಮೊದಲೇ ಯೋಚಿಸಿ ನಿಂತಿದ್ದೆ ಎಂದರೆ ಪಾಪ ದೊಡ್ಡದಾಗುತ್ತದೆ, ಯೋಚಿಸದೆ ನಿಂತಿದ್ದೆ ಎಂದರೆ ಸುಳ್ಳಾಗುತ್ತದೆ. ಅವ್ವ ಒಳಗೆ ಮಲಗಿದ್ದಳು. ನಾನು ದನಿ ತಗ್ಗಿಸಿ, "ಮೌಲಾ, ಅವ್ವಗ ಇನ್ನ ಇದು ಕೊಡಬ್ಯಾಡ. ಆ ಕರಿ ಸಾಸು ನಡಿಯಂಗಿಲ್ಲ ಅಂತ ಡಾಕ್ಟರು ಹೇಳ್ಯಾರ" ಎಂದೆ. ಡಾಕ್ಟರು ಸಾಸಿನ ಹೆಸರನ್ನೂ ಎತ್ತಿರಲಿಲ್ಲ. ಎಂಥ ಸಾಸು, ಯಾಕೆ ನಡೆಯುವುದಿಲ್ಲ, ಯಾವಾಗ ಹೇಳಿದರು ಎಂದು ಅವನು ಜಗಳ ತೆಗೆಯುತ್ತಾನೆ ಎಂದುಕೊಂಡಿದ್ದೆ. ಉತ್ತರಗಳನ್ನೂ ಸಿದ್ಧಮಾಡಿಕೊಂಡಿದ್ದೆ. ಅವನ ಮುಖ ಬಿಳಿಚಿಕೊಂಡಿತು. "ಹೌದಾ ಅಣ್ಣಾ? ನಾ ಎರಡು ದಿನ ಕೊಟ್ಟೀನಲ್ಲ. ಏನೂ ಆಗಂಗಿಲ್ಲ ಹೌದಿಲ್ಲೋ?" ಎಂದು ಕೇಳಿ, ಬಿಸಿ ತಾಟನ್ನು ಹಾಗೇ ಹಿಡಿದುಕೊಂಡು ತಿರುಗಿ ಹೋದ. ಅವನು ಹೋಗುವಾಗ ಆ ತಾಟಿನ ವಾಸನೆ ನನ್ನ ಮೂಗಿಗೆ ಬಂತು. ಏನು ಹೇಳಲಿ, ಬಾಯಲ್ಲಿ ನೀರೂರಿತು.

ಆ ದಿನ ಅವ್ವ ಎರಡು ಸಲ ಬಾಗಿಲ ಕಡೆ ನೋಡಿದಳು. "ಮೌಲಾ ಬರಲಿಲ್ಲೇನು?" ಎಂದಳು. ಕೆಲಸ ಇರಬೇಕು ಎಂದೆ. ಗಂಜಿ ಕೊಟ್ಟರೆ ಬೇಡವೆಂದಳು. ಮರುದಿನವೂ ಬೇಡವೆಂದಳು. ಎದ್ದು ಕೂತಿದ್ದವಳು ಮತ್ತೆ ಮಲಗಿದಳು, ಕೈಯ ಬಳೆ ಮೊಳಕೈವರೆಗೆ ಜಾರಿತು. ಜುಬೇದಾ, "ಹಿಂಗ ಆದ್ರ ನಾಳಿಗಿ ದವಾಖಾನಿಗೆ ಒಯ್ಯೋದೇ ನೋಡ್ರಿ" ಎಂದಳು. ತಮ್ಮನನ್ನು ಕರೆದು, ತಪ್ಪಾಯಿತು, ಮಾಡಿಕೊಡು ಎಂದಿದ್ದರೆ ಹತ್ತು ನಿಮಿಷದಲ್ಲಿ ಕೆಲಸವಾಗುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ಹತ್ತಿರದ ದಾರಿ ಕಾಣುವುದಿಲ್ಲ. ನಾನೇ ಮಾಡಿ ತಿನ್ನಿಸುತ್ತೇನೆ ಎಂದು ನಿಶ್ಚಯಿಸಿದೆ. ಅವ್ವ ಉಳಿಯಬೇಕು, ನನ್ನ ಕೈಯಿಂದಲೇ ಉಳಿಯಬೇಕು, ಉಳಿದ ಮೇಲೆ ಪಕ್ಕದ ಮನೆಯವಳಿಗೆ ಹೇಳಬೇಕು. ನನ್ನ ದುವಾದಲ್ಲಿ ಇಷ್ಟೂ ಸೇರಿತ್ತು.

ಬೆಳಿಗ್ಗೆಯೇ ಹೋಗಿ ಮೆತ್ತನೆಯ ಮಾಂಸ ತಂದೆ. ಬೇಕಾದದ್ದಕ್ಕಿಂತ ಇಮ್ಮಡಿ ತಂದೆ, ಅವ್ವ ಎರಡನೆಯ ಸಲ ಕೇಳುವಳೆಂದು. ತರಕಾರಿ ತಂದೆ. ಅಡುಗೆಮನೆಯ ಫರಸಿಯ ಮೇಲೆ ಮಾಂಸವನ್ನಿಟ್ಟು ನೋಡಿದರೆ, ಅದರಲ್ಲೂ ಎಳೆ ಎಳೆಯಾಗಿ ಗೆರೆ ಕಾಣುತ್ತಿತ್ತು. ನನಗೆ ಒಮ್ಮೆಲೇ ಧೈರ್ಯ ಬಂತು. ಇದು ನನಗೆ ಬರುವ ವಿದ್ಯೆ. ಗೆರೆ ಹಿಡಿದು, ಅದರ ಗುಂಟ ಚಾಕು ಓಡಿಸಿ, ಗೇಣುದ್ದದ ಪಟ್ಟಿಗಳನ್ನು ಎಬ್ಬಿಸಿದೆ. ಒಂದೂ ಹರಿಯಲಿಲ್ಲ, ಒಂದೂ ಡೊಂಕಾಗಲಿಲ್ಲ. ಗಣಿಯ ಮೇಸ್ತ್ರಿ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಜುಬೇದಾ ಬಾಗಿಲಿಗೆ ಒರಗಿ ನಿಂತು, "ಅಲ್ರೀ, ಇದು ಅಡಿಗಿಗೋ, ಮನಿಗಿ ಹಾಸಾಕೋ?" ಎಂದಳು. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬಂತೆ ನಾನು ಮುಗುಳ್ನಕ್ಕೆ. ಆ ಮುಗುಳ್ನಗೆಯನ್ನು ಅವಳು ಇನ್ನೂ ಮರೆತಿಲ್ಲ.

ಆಮೇಲೆ ಸಾಸಿನ ಪ್ರಶ್ನೆ ಬಂತು. ಡಾಕ್ಟರು ಬೇಡವೆಂದಿದ್ದಾರೆ ಎಂದು ಜುಬೇದಾಳಿಗೂ ಹೇಳಿಬಿಟ್ಟಿದ್ದೆ. ಈಗ ಅದನ್ನು ಕಡಾಯಿಗೆ ಸುರಿಯುವುದು ಹೇಗೆ? ನಾನು ಹೇಳಿದ ಸುಳ್ಳಿನ ಪಥ್ಯವನ್ನು ನಾನೇ ಪಾಲಿಸಬೇಕಾಯಿತು. ಹುಣಸೆಹಣ್ಣು ಕಿವುಚಿ, ಬೆಲ್ಲ ಕರಗಿಸಿ, ಕಪ್ಪು ಬಣ್ಣಕ್ಕೆ ಬಹಳ ಹತ್ತಿರದ ಏನೋ ಒಂದನ್ನು ಮಾಡಿದೆ. ಕಡಾಯಿ ಕಾಯುವ ಮೊದಲೇ, ಎರಡನೆಯ ಸಲಕ್ಕೆಂದು ಅರ್ಧ ಮಾಂಸ ಎತ್ತಿಟ್ಟು, ಕೊಯ್ದ ಪಟ್ಟಿಗಳನ್ನೆಲ್ಲ ಒಟ್ಟಿಗೆ ಹಾಕಿದೆ. ಮೌಲಾ ಸ್ವಲ್ಪ ಸ್ವಲ್ಪವೇ ಹಾಕುತ್ತಾನೆ, ಅವನಿಗೆ ಧೈರ್ಯ ಸಾಲದು ಎಂದು ನನ್ನ ಅಭಿಪ್ರಾಯವಾಗಿತ್ತು. ಮಾಂಸ ನೀರು ಬಿಟ್ಟಿತು. ನೀರು ಇಂಗಲೆಂದು ಕಾಯ್ದೆ. ಕೋಸು ಹಾಕಿದೆ, ಅದೂ ನೀರು ಬಿಟ್ಟಿತು. ಎಲ್ಲರೂ ಸೇರಿ ಕುದಿಯತೊಡಗಿದರು. ಗಜ್ಜರಿ ಕರಗುವ ಹೊತ್ತಿಗೆ ಮಾಂಸ ಮಾತ್ರ ಗಟ್ಟಿಯಾಗುತ್ತಾ ಹೋಯಿತು. ಮೌಲಾ ಮಾಡುವ ಹಾಗೆ ಒಮ್ಮೆ ಹಾರಿಸಿಯೂ ನೋಡಿದೆ. ಹಾರಿದ್ದರಲ್ಲಿ ಕೆಲವು ಕಡಾಯಿಗೆ ಮರಳಲಿಲ್ಲ.

ಅವ್ವನ ಬಾಯಲ್ಲಿ ಉಳಿದ ಹಲ್ಲುಗಳಲ್ಲಿ ಎದುರುಬದುರು ಇರುವುದು ಒಂದೇ ಜೋಡಿ. ಆದರೂ ಮಗ ಮಾಡಿದ್ದೆಂದು ಎದ್ದು ಕೂತು, ಒಂದು ಪಟ್ಟಿಯನ್ನು ಮಡಚಿ ಬಾಯಿಗಿಟ್ಟುಕೊಂಡಳು. ಅಗಿದಳು. ನಾನು ಎದುರಿಗೆ ಕೂತು ಅವಳ ದವಡೆಯನ್ನೇ ನೋಡಿದೆ. ಜುಬೇದಾ ಒಗೆದ ಬಟ್ಟೆ ಹಿಂಡಿ ಒಣಹಾಕಿ ಬಂದಳು. ಅವ್ವ ಅದೇ ತುಂಡನ್ನು ಅಗಿಯುತ್ತಿದ್ದಳು. ಕೊನೆಗೆ ಬಾಯಿಂದ ತೆಗೆದು ತಾಟಿನ ಅಂಚಿಗಿಟ್ಟು, "ಚಲೋ ಆಗ್ಯದಪಾ. ಭಾಳ ಹೊತ್ತು ಬರ್ತದ" ಎಂದಳು. ಜುಬೇದಾ ಒಂದು ಪಟ್ಟಿಯನ್ನು ಎರಡೂ ಕೈಯಿಂದ ಎಳೆದು ನೋಡಿ, "ಇದನ್ನ ಹೊಸೆದ್ರ ಇನ್ನೊಂದು ಎಮ್ಮಿ ಕಟ್ಟಬಹುದು ನೋಡ್ರಿ" ಎಂದಳು. ಅವ್ವನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು, ಕೆಮ್ಮಿ ಸುಸ್ತಾಗಿ ಹಾಗೇ ಮಲಗಿದಳು. ಹೊಟ್ಟೆಗೆ ಒಂದು ಅಗುಳೂ ಹೋಗಿರಲಿಲ್ಲ. ನನಗೆ ಆಗ ನಿಜವಾಗಿ ಹೆದರಿಕೆಯಾಯಿತು.

ಅದೇ ಹೊತ್ತಿಗೆ ಮೌಲಾ ಬಂದ. ಅವನು ಡಾಕ್ಟರ ಹತ್ತಿರ ಹೋಗಿದ್ದನಂತೆ. ಸಾಸಿನ ಬದಲು ಏನು ಹಾಕಿದರೆ ಅವ್ವನಿಗೆ ನಡೆಯುತ್ತದೆ ಎಂದು ಕೇಳಲು. ಡಾಕ್ಟರು ಏನು ಹೇಳಿರುತ್ತಾರೆ ಎಂದು ಊಹಿಸಲು ಏಳನೆಯ ತರಗತಿ ಸಾಕು. ಮೌಲಾ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಅವ್ವನ ಹಾಸಿಗೆಯ ಪಕ್ಕ ಕೂತು, "ಅವ್ವಾ, ನಂದೇ ತಪ್ಪಾಯ್ತು. ಬಂಡಿ ಹತ್ರ ಯಾರೋ ಸಾಸು ಚಲೋ ಅಲ್ಲ ಅಂದ್ರು, ನಾ ಅಂಜಿ ನಿನಗ ಕೊಡೋದು ಬಿಟ್ಟೆ. ಡಾಕ್ಟರು ಬೈದ್ರು. ಬಾಯಿಗಿ ರುಚಿ ಅನಿಸಿದ್ದು ಎಲ್ಲಾ ತಿನ್ನಲಿ, ಉಪ್ಪು ಒಂದು ಕಮ್ಮಿ ಇರಲಿ ಅಂದಾರ" ಎಂದ. ನಾನು ಕಂಡಂತೆ ಅವನು ಹೇಳಿದ ಮೊದಲ ಸುಳ್ಳು ಅದು. ಅದನ್ನೂ ನನಗಿಂತ ಚೆನ್ನಾಗಿ ಹೇಳಿದ.

ಎದ್ದು ಅಡುಗೆಮನೆಗೆ ಬಂದು ಕೊಯ್ಯದೆ ಉಳಿದ ಮಾಂಸ ನೋಡಿದ. ನನ್ನ ಪಟ್ಟಿಗಳನ್ನೂ ನೋಡಿದ. ತುಟಿ ಕಚ್ಚಿಕೊಂಡದ್ದು ನನಗೆ ಕಾಣಿಸಿತು. "ಅಣ್ಣಾ, ಕಲ್ಲಾದ್ರ ಗುಂಟ, ಇದಾದ್ರ ಅಡ್ಡ. ಎಳಿ ತುಂಡಾಗಬೇಕು, ಅಂದ್ರ ಹಲ್ಲಿಗೆ ಕೆಲಸ ಇರಂಗಿಲ್ಲ. ನೀನೇ ಕೊಯ್ದು ಕೊಡು, ನಿನ್ನ ಕೈ ಸ್ಥಿರ ಅದ" ಎಂದು ಚಾಕುವನ್ನು ನನಗೇ ಕೊಟ್ಟ. ನಾನು ಅಡ್ಡ ಕೊಯ್ದೆ, ಅವನು ತನ್ನ ಕಡೆಯಿಂದ ಸಾಸು ತಂದು ಕಡಾಯಿ ಕಾಯಿಸಿದ. ಹೊಗೆ ಎದ್ದ ಮೇಲೆ ಮಾಂಸ ಬಿತ್ತು, ಚುರ್ ಎಂದಿತು, ಹೊರಗೆ ಬಂತು. ತರಕಾರಿ ಬಿತ್ತು. ಮಾಂಸ ಮತ್ತೆ ಬಿತ್ತು. ಮುಗಿಯಿತು. ಅವ್ವ ತಾಟು ಖಾಲಿ ಮಾಡಿದಳು, ಇನ್ನೊಂದಿಷ್ಟು ಕೇಳಿದಳು, ನೀರು ಕುಡಿದು ತಾನಾಗಿ ಎದ್ದು ಬಾಗಿಲವರೆಗೆ ಹೋಗಿ ಬಂದಳು. ದವಾಖಾನೆಯ ಮಾತು ಅಲ್ಲಿಗೆ ಮುಗಿಯಿತು.

ಮುಗಿಯದೆ ಉಳಿದದ್ದು ನನ್ನದು. ಮೌಲಾ ಒಂದು ಮಾತು ಬೈದಿದ್ದರೆ ಲೆಕ್ಕ ಸಮವಾಗುತ್ತಿತ್ತು. ಹಿತ್ತಲಿನಲ್ಲಿ ಅವನನ್ನು ಹಿಡಿದು, "ಯಾಕ ಹಂಗ ಹೇಳ್ದಿ?" ಎಂದು ಕೇಳಿದೆ. "ಬಿಡೋ ಅಣ್ಣಾ, ಅವ್ವ ಉಂಡಳಲ್ಲ" ಎಂದು ವಾಡಿಯ ಬಸ್ಸಿಗೆ ಓಡಿದ. ನನ್ನದೆಂದು ಹೇಳಿಕೊಳ್ಳಲು ನನ್ನ ಬಳಿ ಆ ತಪ್ಪೊಂದಿತ್ತು, ಅದನ್ನೂ ಅವನೇ ಎತ್ತಿಕೊಂಡು ಹೋದ. ಅದನ್ನು ವಾಪಸು ತರಬೇಕೆಂದು ಮರುದಿನ ಅವ್ವನ ಕಾಲ ಬಳಿ ಕೂತು ಎಲ್ಲ ಹೇಳಿದೆ. "ಅವ್ವಾ, ಸಾಸಿನ ಮಾತು ಬಂಡಿ ಹತ್ರ ಯಾರೂ ಹೇಳಿದ್ದಲ್ಲ. ನಾ ಹುಟ್ಟಿಸಿದ್ದು. ನೀ ಅವನ ತಾಟು ಖಾಲಿ ಮಾಡೋದು ನನಗ ನೋಡಲಿಕ್ಕಾಗಲಿಲ್ಲ."

ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟಳು. "ಹುಚ್ಚಪ್ಪ. ತಮ್ಮನ ತಪ್ಪು ಮುಚ್ಚಾಕ ನೀ ನಿನ್ನ ತಲಿ ಮ್ಯಾಲ ಹೊತ್ಕೊಳ್ಳಾಕತ್ತಿಯೇನು? ಮೌಲಾನ ಕೈ ಚಲೋ ಅದ, ಖರೆ. ಆದ್ರ ಮನಸು ಅಂದ್ರ ನಿಂದು ನೋಡು."

ಇಲ್ಲ ಅವ್ವಾ, ಖರೇನೇ ಹೇಳಾಕತ್ತೀನಿ ಎಂದು ನಾನು ಅನ್ನಬೇಕಿತ್ತು. ಅನ್ನಲೆಂದೇ ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ.

"ಮೌಲಾನಕಿಂತನೂ?"

"ಮೌಲಾನಕಿಂತನೂ" ಎಂದಳು ಅವ್ವ.

ನಾನು ಅವಳ ಕಾಲು ಒತ್ತತೊಡಗಿದೆ. ಸೇಡಂನಿಂದ ಚಿಕ್ಕಮ್ಮ ನೋಡಲು ಬಂದಾಗ ಅವ್ವ ಅದೇ ಮಾತನ್ನು ಅವಳಿಗೂ ಹೇಳಿದಳು, ನಾನು ಆಗಲೂ ತಿದ್ದಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ, ಮೌಲಾನಿಗೆ ಬರುತ್ತದೆ. ಅವನು ಓದುತ್ತಾನೆ, ತಲೆ ಕೆಳಗೆ ಹಾಕಿ ನಗುತ್ತಾನೆ, ಅವ್ವನಿಗೆ ಮಾತ್ರ ಓದಿ ಹೇಳುವುದಿಲ್ಲ. ಆ ಧೈರ್ಯದ ಮೇಲೆಯೇ ಇಷ್ಟನ್ನೂ ಬರೆದೆ. ಅಷ್ಟು ಒಳ್ಳೆಯವನಾಗಿರು ಎಂದು ಅವನಿಗೆ ಯಾರು ಹೇಳಿದ್ದರೋ ಕಾಣೆ.